‘ನರ ಹೆಪ್ಪುಗಟ್ಟಿಸುವುದು’ ಅಂದರೆ ನಿಮಗೆ ಏನು ಅನಿಸುತ್ತದೆ?

ಗೆಳೆಯರೇ,

ನೋವಿನ ಚಿಕಿತ್ಸೆ ಮಾಡುವ ವೈದ್ಯರೊಬ್ಬರಿಗಾಗಿ, ರೋಗಿಗಳ ಕೈಗೆ ಕೊಡುವ ಕರಪತ್ರವೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ವಿಷಯ ಕ್ರಯೋನ್ಯೂರೊಲಿಸಿಸ್, ಅಂದರೆ ನೋವು ಒಯ್ಯುವ ನರವನ್ನು ತುಂಬಾ ತಣ್ಣಗೆ ಮಾಡಿ ಕೆಲಕಾಲ ಸುಮ್ಮನಾಗಿಸುವ ಚಿಕಿತ್ಸೆ. ಕೆಲವರಿಗೆ ಕಿಬ್ಬೊಟ್ಟೆಯ ಕೆಳಗೆ, ಕೂರುವ ಜಾಗದಲ್ಲಿ ತಿಂಗಳುಗಟ್ಟಲೆ ಉರಿ, ಚುಚ್ಚುನೋವು ಇರುತ್ತದೆ, ಕೂತರೆ ಜಾಸ್ತಿ, ನಿಂತರೆ ಕಡಿಮೆ. ಬೇರೆ ಔಷಧಿ ನಾಟದಿದ್ದಾಗ ಅವರಲ್ಲಿ ಕೆಲವರಿಗೆ ಸಿಟಿ ಸ್ಕ್ಯಾನ್ ನೋಡಿಕೊಂಡು, ಆ ಭಾಗದ ಅರಿವು ಒಯ್ಯುವ ಪುಡೆಂಡಲ್ ನರದ ಪಕ್ಕಕ್ಕೆ ಸೂಜಿ ಇಳಿಸುತ್ತಾರೆ. ಸೂಜಿಯ ತುದಿಯಲ್ಲಿ ಆರ್ಗಾನ್ ಅನಿಲ ಒಮ್ಮೆಲೇ ಹಿಗ್ಗಿ ತಣ್ಣಗಾಗುತ್ತದೆ, ಸುತ್ತ ಒಂದು ಮಂಜುಗಡ್ಡೆಯ ಉಂಡೆ ಕಟ್ಟುತ್ತದೆ. ಸ್ಕ್ಯಾನಿನಲ್ಲಿ ಅದು ಕಪ್ಪಗೆ ಕಾಣುತ್ತದೆ.

ಮೊದಲು ‘ನರವನ್ನು ಹೆಪ್ಪುಗಟ್ಟಿಸುವುದು’ ಅಂತ ಬರೆದೆ. ನಮ್ಮತ್ತೆಗೆ ಓದಿ ಹೇಳಿದೆ. ಅವರು ಸೊಪ್ಪು ಬಿಡಿಸುತ್ತಿದ್ದವರು ಕೈ ನಿಲ್ಲಿಸಿ, “ಅಯ್ಯೋ, ನರದಲ್ಲಿ ರಕ್ತ ಹೆಪ್ಪುಗಟ್ಟಿದ್ರೆ ಲಕ್ವ ಹೊಡೆಯಲ್ವೇನೇ?” ಅಂದರು.

ಅವರು ಹೇಳಿದ್ದು ಸರಿಯೇ ಅಲ್ವಾ? ರಕ್ತ ತೆಗೆಯುವ ನರ್ಸ್ ಕೂಡ “ನರ ಸಿಗ್ತಿಲ್ಲ” ಅಂತಾರೆ. ರಕ್ತನಾಳ, ಸ್ನಾಯುವಿನ ಎಳೆ, ನೋವು ಒಯ್ಯುವ ತಂತು ಎಲ್ಲವೂ ಮಾತಿನಲ್ಲಿ ‘ನರ’ವೇ, ತಮಿಳಿನ ‘ನರಂಬು’ ಕೂಡ ಹಾಗೆಯೇ. ಹೆಪ್ಪುಗಟ್ಟುವುದು ನೀರೂ ಹೌದು, ರಕ್ತವೂ ಹೌದು. ಈ ಎರಡು ಪದ ಪಕ್ಕಪಕ್ಕ ಬಂದರೆ ರೋಗಿಗೆ ಹೆದರಿಕೆಯೇ ಮೊದಲು.

‘ನರ ಸುಡುವುದು’, ‘ನರ ಸಾಯಿಸುವುದು’ ಕೂಡ ಬೇಡ. ಇಲ್ಲಿ ನರದ ಒಳಗಿನ ಎಳೆ ಹಾಳಾದರೂ ಅದರ ಹೊದಿಕೆ ಉಳಿದಿರುತ್ತದೆ, ಆ ದಾರಿಯಲ್ಲೇ ಎಳೆ ದಿನಕ್ಕೆ ಒಂದೆರಡು ಮಿಲಿಮೀಟರಿನಂತೆ ಮತ್ತೆ ಬೆಳೆಯುತ್ತದೆ. ಹಾಗಾಗಿ ಕೆಲವು ತಿಂಗಳ ಮೇಲೆ ನೋವು ಮರಳಬಹುದು. ಇದು ಪದದಲ್ಲೇ ಗೊತ್ತಾಗಬೇಕು.

ನನಗೆ ಹೊಳೆದದ್ದು ‘ಮರಗಟ್ಟಿಸುವುದು’. ಚಳಿಗೆ ಬೆರಳು ಮರಗಟ್ಟಿತು ಅಂತೀವಿ, ಅದರಲ್ಲಿ ತಣ್ಣಗಾಗುವುದೂ ಇದೆ, ಅರಿವು ಹೋಗುವುದೂ ಇದೆ, ಆಮೇಲೆ ಸರಿಹೋಗುತ್ತದೆ ಅನ್ನುವುದೂ ಎಲ್ಲರಿಗೂ ಗೊತ್ತು. ‘ಸ್ಕ್ಯಾನ್ ನೋಡಿಕೊಂಡು, ತಣ್ಣನೆಯ ಸೂಜಿಯಿಂದ ನೋವಿನ ನರವನ್ನು ಮರಗಟ್ಟಿಸುವುದು’ ಅಂತ ಬರೆದರೆ ಹೇಗೆ? ಸ್ವಲ್ಪ ಉದ್ದವಾಯಿತು, ಆದರೆ ‘ಚಿತ್ರ ಮಾರ್ಗದರ್ಶಿತ ಶೀತ ನರವಿಚ್ಛೇದನ’ ಅನ್ನುವುದು ಯಾರಿಗೂ ತಿಳಿಯಲ್ಲ.

ಪುಡೆಂಡಲ್ ಅನ್ನುವುದು ಇನ್ನೊಂದು ತೊಡಕು. ಲ್ಯಾಟಿನ್‌ನಲ್ಲಿ ‘ನಾಚಿಕೆಪಡುವಂಥದ್ದು’ ಅನ್ನುವ ಪದದಿಂದ ಬಂದಿದೆ. ಹೆಣ್ಣಿನ ಹೊರ ಜನನಾಂಗಕ್ಕಿದ್ದ ಪುಡೆಂಡಮ್ ಅನ್ನುವ ಹೆಸರನ್ನು ಅಂಗರಚನೆಯ ಅಂತಾರಾಷ್ಟ್ರೀಯ ಪದಪಟ್ಟಿ 2019ರಲ್ಲಿ ಕೈಬಿಟ್ಟಿತು, ನರದ ಹೆಸರು ಮಾತ್ರ ಉಳಿಯಿತು. ನಮ್ಮ ‘ಗುಹ್ಯ’ ಅಂದರೂ ಮುಚ್ಚಿಡಬೇಕಾದದ್ದು ಅಂತಲೇ ಅರ್ಥ. ಸಂಕೋಚ ಬಿಟ್ಟು ಹೇಳಿಕೊಳ್ಳಲು ಬಂದವರ ಕೈಗೆ ‘ಗುಹ್ಯ’ ಅನ್ನುವ ಪದ ಕೊಡಲು ನನಗೆ ಮನಸ್ಸಿಲ್ಲ. ಸದ್ಯಕ್ಕೆ ‘ಪುಡೆಂಡಲ್ ನರ’ ಅಂತಲೇ ಇಟ್ಟಿದ್ದೇನೆ.

ಇನ್ನು ನೋವಿರುವ ಜಾಗಕ್ಕೆ, ಇಂಗ್ಲಿಷಿನಲ್ಲಿ ಪೆಲ್ವಿಸ್ ಅನ್ನುವುದಕ್ಕೆ, ಒಂದು ಪದ ಬೇಕು. ಶ್ರೋಣಿ ಪಠ್ಯಪುಸ್ತಕದ ಪದ, ಸೊಂಟ ಅಂದರೆ ಬೆನ್ನುನೋವು ಅಂದುಕೊಳ್ಳುತ್ತಾರೆ, ಕಿಬ್ಬೊಟ್ಟೆ ಅಂದರೆ ಮುಂಭಾಗ ಮಾತ್ರ. ನಿಮ್ಮ ಮನೆಯ ಹಿರಿಯ ಹೆಂಗಸರು ಈ ಜಾಗಕ್ಕೆ ಏನಂತಾರೆ? ಧಾರವಾಡ, ಕಲಬುರಗಿ, ಕರಾವಳಿಯ ಕಡೆಯವರು ದಯವಿಟ್ಟು ಕೇಳಿ ತಿಳಿಸಿ.