ಮಗಳಿಗಿ ಗೇರ್ ಸೈಕಲ್ ತೊಗೊಬೇಕಾಗ್ಯಾದ, ಡಿಸ್ಕ್ ಬ್ರೇಕ್ ಬೇಕೇನು ವಿ-ಬ್ರೇಕ್ ಸಾಕೇನು? (ಬೀದರ್)

ನೌಬಾದ್_ಅವ್ವ:

ನಮಸ್ಕಾರ್ರಿ ಎಲ್ಲಾರಿಗೂ. ಮಗಳಿಗಿ 9 ಮುಗದು 10 ನಡದಾದ, ಎತ್ತರ 132 ಸೆಂಟಿಮೀಟರ್, ತೂಕ 27 ಕೆಜಿ. ಇಷ್ಟ ದಿನ ಅಣ್ಣನ ಹಳಿ ಸಣ್ಣ ಸೈಕಲ್ ಹೊಡಿಲಾಕತ್ತಿದ್ಲು, ಈಗ ಅದರ ಸೀಟ್ ಎಷ್ಟ್ ಮ್ಯಾಲ ಏರ್ಸಿದ್ರೂ ಮೊಣಕಾಲ ಹ್ಯಾಂಡಲ್‌ಗಿ ಬಡಿತಾವ. ಮೌಂಟೇನ್ ಬೈಕೇ ಬೇಕು, ಅದೂ ಎರಡೂ ಗಾಲಿಗಿ ಡಿಸ್ಕ್ ಬ್ರೇಕ್ (ಗಾಲಿ ನಡುವಿನ ತಗಡ ಹಿಡಿಯೋದು) ಇದ್ದದ್ದೇ ಬೇಕಂತ ಜಿದ್ದ ಹಿಡದು ಕುಂತಾಳ, ಯಾಕಂದ್ರ ಓಣ್ಯಾಗಿನ ಹುಡುಗ್ರ ಕಡಿ ಎಲ್ಲಾ ಅದೇ ಅದಂತ.

ನಿನ್ನಿ ದುಕಾನಕ್ಕ ಹೋಗಿದ್ವಿ. 24 ಇಂಚಿಂದು ಡಬಲ್ ಡಿಸ್ಕು, ಮುಂದ ಶಾಕಪ್ಸು, 21 ಗೇರು, ಬಣ್ಣಾ ಅಂತೂ ಜಾತ್ರಿ ತೇರ ಹಂಗ ಅದ, 11,500 ಹೇಳ್ದ. ಅದರ ಬಾಜೂಕ ಇನ್ನೊಂದು, ಅದೂ 24 ಇಂಚೇ, ಮುಂದ ಶಾಕಪ್ಸ್ ಇಲ್ಲದ ಸಾದಾ ಫೋರ್ಕು, ಹಿಂದ ಅಷ್ಟೇ 7 ಗೇರು, ವಿ-ಬ್ರೇಕು (ರಬ್ಬರ್‌ಲಿಂದ ಗಾಲಿ ರಿಮ್ ಹಿಡಿಯೋದು), 9,000. ದುಕಾನದಾರ ಅದನ್ನ ತೋರ್ಸಲಾಕೇ ತಯಾರಿಲ್ಲ, "ಅಕ್ಕಾರ ಅದು ಹಳಿ ಮಾಲು, ಈಗ ಯಾರ್ ತೊಗೊತಾರ" ಅಂತಾನ. ನಮ್ಮ ಮೈದುನ ಬ್ಯಾರೆ ಡಿಸ್ಕ್ ಇಲ್ಲಂದ್ರ ಉತಾರದಾಗ ಗಾಡಿ ನಿಲ್ಲಂಗಿಲ್ಲ ಅಂತ ಹೆದರ್ಸಿಟ್ಟಾನ.

ನನಗೂ ಆ ಉತಾರದ್ದೇ ಚಿಂತಿ. ನಮ್ಮೂರು ಕಲಬುರಗಿ ಹಂಗ ಸಪಾಟ ಇಲ್ರಿ, ಗುಡ್ಡದ ಮ್ಯಾಲ ಕುಂತ ಊರು. ಆಯ್ತವಾರ ಅವರಪ್ಪನ ಜತಿ ಕೋಟಿ ತನಕ ಹೋಗ್ತಾಳ, ಮುಂದ ಅಷ್ಟೂರ ಗುಮ್ಮಟದ ಕಡಿ ಇಳಿಬೇಕಂತ ಅವಳ ಆಸಿ, ಪಾಪನಾಶದ ಕಡಿನೂ ಇಳಿಜಾರೇ. ಬಾಕಿ ದಿನ ಸಾಲಿಗಿ, ಟ್ಯೂಶನ್‌ಗಿ, ಅಷ್ಟೇ. ಖರೇನೇ ಡಿಸ್ಕ್ ಬೇಕೇನ್ರಿ ಅಥವಾ ನೋಡ್ಲಾಕ ಚಂದ ಅಂತ ರೊಕ್ಕ ಕೊಡ್ಲಾಕತ್ತೀವೇನು? ಗೊತ್ತಿದ್ದವ್ರು ಹೇಳ್ರಿ.

ಅಪ್ಪನಕೆರಿ_ಸವಾರ (ಕಲಬುರಗಿ):

ಅಕ್ಕಾರ, ಬ್ರೇಕ್ ಮಾತು ಆಮ್ಯಾಲ, ಮೊದ್ಲ ಸೈಕಲ್ ಎತ್ತಿ ನೋಡ್ರಿ. ನೀವು ಹೇಳಿದ ಡಬಲ್ ಡಿಸ್ಕ್ ಶಾಕಪ್ಸಿಂದು 15-16 ಕೆಜಿ ಕಮ್ಮಿ ಇರಂಗಿಲ್ಲ. ಮಗಳು 27 ಕೆಜಿ. ಅಂದ್ರ 70 ಕೆಜಿ ಮನಷ್ಯಾ 40 ಕೆಜಿ ಸೈಕಲ್ ಹೊಡದಂಗ ಆತು, ನಾವು ಹೊಡಿತೀವೇನು? ಆ ಶಾಕಪ್ಸ್ ಒಳಗಿನ ಸ್ಪ್ರಿಂಗ್ ಭಾಳ ಬಿರುಸು ಇರ್ತದ, ನಾವು ದೊಡ್ಡೋರು ಭಾರ ಹಾಕಿ ಒತ್ತಿದ್ರ ಕುಂಯ್ ಅಂತ ಕೆಳಗ ಹೋಗ್ತದ, ಹುಡುಗಿ ಕುಂತ್ರ ಅಲಗಾಡಂಗಿಲ್ಲ, ಸುಮ್ನ ಎರಡ ಕೆಜಿ ಕಬ್ಬಿಣ ಹೊತ್ಕೊಂಡು ತಿರಗೋದು. ಸಾದಾ ಫೋರ್ಕೇ ಛಲೋ, ಟೈರ್ ದಪ್ಪ ಇದ್ರ ಗಾಳಿ ಜರಾ ಕಮ್ಮಿ ಇಟ್ರ ಅದೇ ಶಾಕಪ್ಸ್ ಆಗ್ತದ.

ಈಗ ಬ್ರೇಕಿಗಿ ಬರ್ತೀನಿ. ಈ ರೇಟಿನಾಗ ಬರೋ ಡಿಸ್ಕ್ ಅಂದ್ರ ತಂತಿ ಎಳಿಯೋ ಮೆಕ್ಯಾನಿಕಲ್ ಡಿಸ್ಕು, ಮೋಟಾರ್‌ಸೈಕಲ್‌ದಾಗಿನ ಎಣ್ಣಿ ಡಿಸ್ಕ್ ಅಲ್ಲ. ಇದರಾಗ ಎರಡ ಪ್ಯಾಡ್ ಇದ್ರೂ ಹೆಚ್ಚಿನವುದರಾಗ ಸರಿಯೋದು ಒಂದೇ, ಅದು ಡಿಸ್ಕಿನ ತಗಡನ್ನ ಜರಾ ಬಗ್ಗಿಸಿ ಆಚಿ ಪ್ಯಾಡಿಗಿ ಒತ್ತಿ ಹಿಡಿತದ. ಪ್ಯಾಡ್ ಸವದಂಗ ಎರಡೂ ಕಡಿ ಹತ್ರ ತರ್ಬೇಕು, ಇಲ್ಲಂದ್ರ ಲಿವರ್ ಹ್ಯಾಂಡಲ್‌ಗಿ ಬಂದ್ ಹತ್ತಿದ್ರೂ ಹಿಡ್ಯಂಗಿಲ್ಲ. ಸೈಕಲ್ ಒಂದ್ಸಲ ಆ ಕಡಿ ಬಿತ್ತಂದ್ರ ತಗಡ ಸೊಟ್ಟ ಆಗಿ ಚರ್ ಚರ್ ಅಂತ ಹಚ್ಚಕೊಂಡೇ ತಿರಗ್ತದ. ಮಕ್ಕಳ ಸೈಕಲ್ ಬೀಳದೇ ಇರ್ತದೇನ್ರಿ. ವಿ-ಬ್ರೇಕ್ ಹಂಗಲ್ಲ, ಎರಡ ಉದ್ದನ ತೋಳು ಎರಡೂ ಕಡಿಂದ ರಿಮ್ ಹಿಡಿತಾವ, 27 ಕೆಜಿ ಹುಡುಗಿನ ಅಷ್ಟೂರ ಉತಾರದಾಗ ನಿಲ್ಸಲಾಕ ಬೇಕಾದಷ್ಟ ಆತು, ಮತ್ತ ಪ್ಯಾಡ್ ಸವದ್ರ ಯಾ ಸಣ್ಣ ದುಕಾನದಾಗರ ಸಿಗ್ತದ.

ಖರೇ ಒಂದ್ ಶರ್ತು. ರಿಮ್ ಅಲ್ಯುಮಿನಿಯಂದೇ ಇರಬೇಕು. ಫ್ರಿಡ್ಜಿಗಿ ಅಂಟ್ಸಿದ ಅಯಸ್ಕಾಂತ ಕಿತ್ಕೊಂಡು ದುಕಾನಕ್ಕ ಒಯ್ರಿ, ರಿಮ್‌ಗಿ ಹಿಡದ್ರ ಸ್ಟೀಲು, ಬಿಟ್ಟೇ ಬರ್ರಿ. ಪಳಪಳ ಹೊಳಿಯೋ ಸ್ಟೀಲ್ ರಿಮ್ ಮ್ಯಾಲ ಒಂದ್ ಹನಿ ಮಳಿ ಬಿತ್ತಂದ್ರ ರಬ್ಬರ್ ಹಿಡ್ಯಂಗಿಲ್ಲ, ಸಾಬೂನ ಹಚ್ಚಿದಂಗ ಜಾರ್ತದ. ನಿಮ್ಮ ಮೈದುನಗ ವಿ-ಬ್ರೇಕಿನ ಕೆಟ್ಟ ಅನುಭವ ಆಗಿದ್ರ ಅದು ಸ್ಟೀಲ್ ರಿಮ್ಮಿಂದೇ ಆಗಿರ್ತದ ಅಂತ ನನ್ನ ಅಂದಾಜು.

ಅಳತಿ: ಮಗಳನ್ನ ಸೈಕಲ್ ನಡುವ ಎರಡೂ ಕಾಲ ಊರಿ ನಿಲ್ಸ್ರಿ, ಮ್ಯಾಲಿನ ಪೈಪಿಗೂ ಅವಳಿಗೂ ಎರಡ-ಮೂರ ಬಟ್ಟ ಜಾಗ ಇದ್ರ 24 ತೊಗೊರಿ. 132ಕ್ಕ ಬರೋಬ್ಬರಿ ಆಗ್ತದ. ಮುಂದ ಬೆಳಿತಾಳ ಅಂತ 26 ಮಾತ್ರ ಬ್ಯಾಡ, ಅಂಗಿ ದೊಡ್ಡದು ಹೊಲಿಸಿದಂಗ ಅಲ್ಲ ಇದು.

ಕೃಷ್ಣಾದಂಡಿ (ಯಾದಗಿರಿ):

ಸವಾರಣ್ಣ ಹೇಳಿದ್ದು ಪ್ಯಾಟಿಗಿ ಸರಿ ಅದ ಆದ್ರ ಪೂರಾ ಒಪ್ಪಂಗಿಲ್ಲ ನಾನು. ನಮ್ದು ಶಹಾಪುರ ಕಡಿ ಹಳ್ಳಿ, ಎಲ್ಲಾ ಎರಿ ಹೊಲ. ಮಳಿ ಆದ ಮರದಿನ ಮಗ ವಿ-ಬ್ರೇಕ್ ಸೈಕಲ್ ತೊಗೊಂಡು ಹೊಲಕ್ಕ ಹೋದ, ನೂರ್ ಹೆಜ್ಜಿಗಿ ಎರಿ ಮಣ್ಣ ಗಾಲಿಗಿ ಮೆತ್ತಿ ಮೆತ್ತಿ ಬ್ರೇಕಿನ ತೋಳಿನಾಗ ತುಂಬಿ ಗಾಲಿ ತಿರಗೋದೇ ಬಂದ್ ಆತು, ಕಡೀಕ ಸೈಕಲ್ ಹೆಗಲ ಮ್ಯಾಲ ಹೊತ್ಕೊಂಡು ಬಂದ, ಸೈಕಲ್ಲು ಅವನ ಮ್ಯಾಲ ಸವಾರಿ ಮಾಡ್ದಂಗ ಆತು. ಡಿಸ್ಕ್ ನಡುವಿನ ಹಬ್ ಹತ್ರ ಇರ್ತದ, ಅಲ್ಲಿ ತನಕ ಮಣ್ಣ ಅಷ್ಟ್ ಬರಂಗಿಲ್ಲ. ಇನ್ನೊಂದು, ಹುಡುಗ್ರು ತೆಗ್ಗಿನಾಗ ಎತ್ತಿ ಹಾಕಿ ರಿಮ್ ಹಾವಿನಂಗ ಮಾಡ್ತಾರ, ಆವಾಗ ವಿ-ಬ್ರೇಕ್ ಒಂದ್ ಕಡಿ ಹಚ್ತದ ಒಂದ್ ಕಡಿ ಬಿಡ್ತದ, ಡಿಸ್ಕಿಗಿ ರಿಮ್ ಸೊಟ್ಟ ಆದ್ರ ಸಂಬಂಧ ಇಲ್ಲ. ಬೀದರ್‌ದಾಗ ಕೆಂಪ ಮಣ್ಣ, ನಿಮಗ ಈ ತ್ರಾಸ ಕಮ್ಮಿ. ಹೊಲದಾಗ ಹೊಡಿಯೋರಿದ್ರ ಮಾತ್ರ ಮುಂದ ಡಿಸ್ಕ್ ಹಿಂದ ವಿ-ಬ್ರೇಕ್ ಇದ್ದದ್ದು ನೋಡ್ರಿ ಅಂತೀನಿ.

ಶಹಾಬಾದ್_ಪರಸಿ:

ಡಿಸ್ಕ್ ತೊಗೊಂಡ್ರ ಒಂದು ಮಾತ ನೆಪ್ಪ ಇಟ್ಕೊರಿ, ನಾ ಪೆಟ್ಟ ತಿಂದು ಕಲ್ತದ್ದು. ಹೋದ ಬ್ಯಾಸಗಿ, ಬಿಸ್ಲು ಅಂದ್ರ ಪರಸಿ ಮ್ಯಾಲ ರೊಟ್ಟಿ ಸುಡೋವಂತಾದ್ದು, ಮಗನ ಸೈಕಲ್ ಡಿಸ್ಕ್ ಕೀಂ ಕೀಂ ಅನ್ಲಾಕತ್ತಿತು. ಪಂಚರ್ ತಿದ್ದೋನ ಕಡಿ ಹೋದ್ರ ಅಂವ ಭಾಳ ಪ್ರೀತಿಲಿಂದ "ಎಣ್ಣಿ ಆರ್ಯಾದ" ಅಂತ ಚೈನಿಗಿ ಬಿಟ್ಟಂಗ ಡಿಸ್ಕಿಗೂ ನಾಕ ಹನಿ ಎಣ್ಣಿ ಬಿಟ್ಟ!! ಸದ್ದು ನಿಂತದ್ದು ಖರೇ. ಬ್ರೇಕೂ ನಿಂತಿತು. ಮಗ ಮನಿ ಮುಂದಿನ ಸಣ್ಣ ಉತಾರದಾಗ ಎರಡೂ ಲಿವರ್ ಹಿಡ್ಕೊಂಡೇ ಹೋಗಿ ಪಕ್ಕದ ಮನಿಯವ್ರ ಎಮ್ಮಿಗಿ ಗುದ್ದಿದ. ಎಮ್ಮಿಗಿ ಏನೂ ಆಗಿಲ್ಲ, ಮಗಗ ಗದ್ದಕ್ಕ ಮೂರ ಹೊಲಿಗಿ.

ಆಮ್ಯಾಲ ಗೊತ್ತಾದದ್ದು ಏನಂದ್ರ ಡಿಸ್ಕ್ ಪ್ಯಾಡ್ ಎಣ್ಣಿ ಕುಡದ್ರ ಬಟ್ಟಿಲೆ ಒರಸಿದ್ರ ಹೋಗಂಗಿಲ್ಲ. ತಗಡನ್ನ ಸ್ಪಿರಿಟ್ ಹಚ್ಚಿ ಸಾಫ್ ಮಾಡ್ಬೇಕು, ಪ್ಯಾಡ್ ಹೊಸಾದೇ ಹಾಕೋದು ಛಲೋ. ಹೊಸಾ ಪ್ಯಾಡೂ ಹಾಕಿದ ಕೂಡ್ಲೇ ಹಿಡ್ಯಂಗಿಲ್ಲ, ಸಪಾಟ ಜಾಗದಾಗ ಜೋರ ಹೊಡದು ನಿಲ್ಲೋದು, ಜೋರ ಹೊಡದು ನಿಲ್ಲೋದು, ಒಂದ್ ಹದಿನೈದ-ಇಪ್ಪತ್ತ ಸಲ ಮಾಡಿದ ಮ್ಯಾಲೇ ಪೂರಾ ಜೋರ ಬರ್ತದ. ನಾ ಮಗನ್ನ ಸಾಲಿ ಗ್ರೌಂಡಿಗಿ ಒಯ್ದು ಮಾಡ್ಸಿದೆ, ನೋಡಿದ ಮಂದಿ ಏನೋ ಪೊಲೀಸ್ ಭರ್ತಿ ಟ್ರೇನಿಂಗ್ ಅಂದ್ಕೊಂಡ್ರು.

ಭಾಲ್ಕಿಯವ_ಬೆಂಗಳೂರಾಗ:

ಮೆಕ್ಯಾನಿಕಲ್ ಡಿಸ್ಕ್ ಬಗ್ಗೆ ಎಲ್ಲಾರೂ ಹೇಳಿದ್ದು ಸರಿ ಇದೆ. ಹೈಡ್ರಾಲಿಕ್, ಅಂದ್ರೆ ಎಣ್ಣೆ ಡಿಸ್ಕ್, ಬೇರೆ ಮಾತು, ಒಂದೇ ಬೆರಳಲ್ಲಿ ಹಿಡಿದ್ರೂ ನಿಲ್ಲುತ್ತೆ, ಮಕ್ಕಳ ಸಣ್ಣ ಕೈಗೆ ನಿಜವಾಗ್ಲೂ ಅದೇ ಬೆಸ್ಟ್. ಆದ್ರೆ ಈ ಬಜೆಟ್‌ನಲ್ಲಿ ಸಿಗಲ್ಲ, ಮತ್ತೆ ಅದರ ಎಣ್ಣೆಯಲ್ಲಿ ಗಾಳಿ ಸೇರಿದ್ರೆ ಬ್ಲೀಡ್ ಮಾಡೋರು (ಆ ಗಾಳಿ ಹೊರಗೆ ತೆಗೆಯೋರು) ಬೇಕು, ಶಿಮಾನೋದವರದ್ದು ಮಿನರಲ್ ಆಯಿಲ್, ಇನ್ನು ಕೆಲವು ಬ್ರೇಕಿಗೆ ಕಾರಿಗೆ ಹಾಕೋ ಥರದ ಡಾಟ್ ಆಯಿಲ್, ಒಂದರ ಬದಲು ಇನ್ನೊಂದು ಹಾಕಿದ್ರೆ ಒಳಗಿನ ಸೀಲ್ ಕೆಟ್ಟುಹೋಗುತ್ತೆ. ಊರಲ್ಲಿ ಇದನ್ನ ಮಾಡೋರು ಇದಾರಾ ಅಂತ ಮೊದಲು ಕೇಳ್ಕೊಳ್ಳಿ. ಹೈದರಾಬಾದ್ ಕಡೆ ಹೋಗೋದಿದ್ರೆ ಡೆಕತ್ಲಾನ್‌ನಲ್ಲಿ ಮಕ್ಕಳ ಸೈಕಲ್ ಒಮ್ಮೆ ಕೂರಿಸಿ ನೋಡಿ, ತಗೊಳ್ಳದಿದ್ರೂ ಪರವಾಗಿಲ್ಲ, ಹಗುರ ಸೈಕಲ್ ಅಂದ್ರೆ ಹೇಗಿರುತ್ತೆ ಅಂತ ಮಗಳಿಗೇ ಗೊತ್ತಾಗುತ್ತೆ.

ನಾವೆಲ್ಲಾ ಅಪ್ಪನ ದೊಡ್ಡ ಸೈಕಲ್ ಪೈಪಿನ ಒಳಗೆ ಕಾಲು ತೂರಿಸಿ ಕೈಂಚಿ ಹೊಡೆದವರು, ಬ್ರೇಕ್ ಅಂದ್ರೆ ಚಪ್ಪಲಿ ಆಗಿತ್ತು :)

ನೌಬಾದ್_ಅವ್ವ:

ಎಮ್ಮಿ ಕತಿ ಓದಿ ನಗಬೇಕೋ ಅಳಬೇಕೋ ತಿಳೀಲಿಲ್ಲ. ಎಲ್ಲಾರಿಗೂ ಥ್ಯಾಂಕ್ಸ್. ಇವತ್ತ ಮತ್ತ ಹೋಗಿದ್ವಿ. ವಿ-ಬ್ರೇಕಿಂದರ ಮ್ಯಾಲ ಕುಂದ್ರಸಿ ನೋಡ್ದೆ, ಕಾಲ ಎಲ್ಲಾ ಬರೋಬ್ಬರಿ, ಆದ್ರ ಅವಳ ಬಟ್ಟ ಬ್ರೇಕ್ ಲಿವರ್‌ಗಿ ಮುಟ್ಟಂಗಿಲ್ಲ, ತುದಿ ಬಟ್ಟಿಲೆ ಕೊಂಡಿ ಹಾಕಿದಂಗ ಹಿಡಿತಾಳ. ಡಿಸ್ಕಿಂದರದ್ದೂ ಹಂಗೇ ಅದ. ಮತ್ತ ದುಕಾನದಾರ ಈಗ ಹೊಸಾ ಮಾತ ತಗದಾನ, ಈಗ ವಿ-ಬ್ರೇಕ್ ಒಯ್ರಿ, ಬೇಕಾದ್ರ ಆಮ್ಯಾಲ ಡಿಸ್ಕ್ ಹಚ್ಚಿಕೊಡ್ತೀನಿ ಅಂತ. ಆಗ್ತದೇನ್ರಿ ಹಂಗ?

ಅಪ್ಪನಕೆರಿ_ಸವಾರ (ಕಲಬುರಗಿ):

ಬಟ್ಟ ಮುಟ್ಟಲ್ಲ ಅನ್ನೋದೇ ಅಕ್ಕಾರ ಎಲ್ಲಾಕಿಂತ ದೊಡ್ಡ ಮಾತು, ನಾ ಮೊದ್ಲೇ ಹೇಳಬೇಕಾಗಿತ್ತು, ಮರ್ತೆ. ಲಿವರ್ ಬುಡದಾಗ, ಹ್ಯಾಂಡಲ್ ಕಡಿ ಮುಖಾ ಮಾಡಿ ಒಂದ್ ಸಣ್ಣ ಸ್ಕ್ರೂ ಇರ್ತದ, ಅಲನ್ ಕೀಲಿಂದ ಇಲ್ಲಾ ಸಣ್ಣ ಪೇಚಕಸಿಂದ ಒಳಗ ತಿರಗಿಸ್ರಿ, ಲಿವರ್ ಹ್ಯಾಂಡಲ್ ಹತ್ರ ಬರ್ತದ. ಆಮ್ಯಾಲ ತಂತಿ ಜರಾ ಎಳದು ಬಿಗಿ ಮಾಡ್ಬೇಕು, ಇಲ್ಲಂದ್ರ ಬ್ರೇಕ್ ಹಿಡಿಯೋದರಾಗೇ ಲಿವರ್ ಹ್ಯಾಂಡಲ್‌ಗಿ ಹತ್ತಿ ಬಿಡ್ತದ. ಅವಳು ಹ್ಯಾಂಡಲ್ ಹಿಡ್ಕೊಂಡಂಗೇ ಎರಡ ಬಟ್ಟ, ನಡುವಿನ ಗೆಣ್ಣ ತನಕ ಲಿವರ್ ಮ್ಯಾಲ ಕುಂದ್ರಬೇಕು. ಸ್ಕ್ರೂ ಇಲ್ಲದ ಲಿವರ್ ಇದ್ರ ಸಣ್ಣ ಕೈಯಿನ ಲಿವರ್ ಬದಲ ಹಾಕ್ಸ್ರಿ, ಆದ್ರ ವಿ-ಬ್ರೇಕಿಂದೇ ಹಾಕ್ಸ್ರಿ, ಹಳಿ ಕತ್ತರಿ ಬ್ರೇಕಿನ ಲಿವರ್ ತಂತಿ ಕಮ್ಮಿ ಎಳಿತದ, ಅದಕ್ಕ ಇದಕ್ಕ ಕೂಡಂಗಿಲ್ಲ.

ಆಮ್ಯಾಲ ಡಿಸ್ಕ್ ಹಚ್ತೀನಿ ಅನ್ನೋದು ಬಾಯಿ ಮಾತು. ಡಿಸ್ಕ್ ತಗಡ ಹಿಡಿಲಾಕ ಬ್ಯಾರೆ ಹಬ್ ಬೇಕು ಅಂದ್ರ ಗಾಲಿನೇ ಬದಲಾತು, ಫೋರ್ಕಿಗಿ ಹಿಂದಿನ ಫ್ರೇಮಿಗಿ ಅದನ್ನ ಕೂಡ್ಸೋ ಜಾಗ ಬೇಕು, ಇದ್ದಿಲ್ಲಂದ್ರ ವೆಲ್ಡಿಂಗ್ ಮಾಡ್ತೀನಿ ಅಂತಾನ, ಮಾಡ್ಸಬ್ಯಾಡ್ರಿ.

ಮತ್ತ ತೊಗೊಂಡ ದಿನ ಯಾ ಲಿವರ್ ಯಾ ಗಾಲಿಂದು ಅಂತ ಹಿಡದು ನೋಡ್ರಿ. ನಮ್ಮ ಕಡಿ ಸಾಮಾನ್ಯ ಬಲಗೈಯಿಂದು ಮುಂದಿಂದು, ಕೂಡ್ಸೋವಾಗ ಅದ್ಲಬದ್ಲ ಮಾಡಿರ್ತಾರ. ಜೋರ ಹಿಡಿಯೋದು ಮುಂದಿನ ಬ್ರೇಕೇ, ನಿಲ್ಲೋವಾಗ ಭಾರ ಎಲ್ಲಾ ಮುಂದ ಹೋಗ್ತದಲ್ಲ, ಅದಕ್ಕ. ಹಿಂದಿಂದು ಒಂದೇ ಹಿಡದ್ರ ಗಾಲಿ ಜಾರ್ತದ, ಮುಂದಿಂದು ಒಂದೇ ಧಡಕ್ಕನ ಹಿಡದ್ರ ಹುಡುಗಿ ಹ್ಯಾಂಡಲ್ ಮ್ಯಾಲಿಂದ ಹಾರ್ತಾಳ. ಎರಡೂ ಕೂಡೇ, ಮೆಲ್ಲಕ, ಕುಂಡಿ ಜರಾ ಹಿಂದ ಸರಿಸಿ. ಅಷ್ಟೂರ ಕಡಿ ಇಳಿಯೋಕಿಂತ ಮೊದ್ಲ ಇದನ್ನ ಸಪಾಟ ಜಾಗದಾಗ ನಾಕ ದಿನ ಮಾಡ್ಸ್ರಿ, ಕಡಿ ಹಾಸಿದ ರಸ್ತಾ ಮ್ಯಾಲ ಮುಂದಿನ ಬ್ರೇಕ್ ಇನ್ನೂ ಮೆಲ್ಲಕ ಅಂತ ಹೇಳ್ರಿ.

ನೌಬಾದ್_ಅವ್ವ:

ತೊಗೊಂಡ್ವಿ! ವಿ-ಬ್ರೇಕಿಂದೇ. ಫ್ರಿಡ್ಜಿನ ಮ್ಯಾಲಿನ ಬಾಳಿಹಣ್ಣಿನ ಅಯಸ್ಕಾಂತ ಒಯ್ದು ರಿಮ್‌ಗಿ ಹಚ್ಚಿದ್ರ ದುಕಾನದಾರ ನನ್ನ ಮಾರಿ ನೋಡಿದ್ದೇ ನೋಡಿದ್ದು, ಹಿಡೀಲಿಲ್ಲ, ಪಾಸು. ಸ್ಕ್ರೂ ತಿರಗಿಸಿ ಲಿವರ್ ಹತ್ರ ಮಾಡಿಕೊಟ್ಟ, ಅಂವಗ ಮೊದ್ಲೇ ಗೊತ್ತಿತ್ತಂತ, ಮತ್ತ ಯಾಕ ಹೇಳಿಲ್ಲೋ. ಉಳದ ರೊಕ್ಕದಾಗ ಹೆಲ್ಮೆಟ್ಟು, ಘಂಟಿ, ಹಿಂದಿನ ಕೆಂಪ ರಿಫ್ಲೆಕ್ಟರ್ ಬಂದ್ವು. ಮಗಳು ಎರಡ ದಿನ ಮಾರಿ ಗಂಟ ಹಾಕ್ಕೊಂಡಿದ್ಲು, ಮೂರನೇ ದಿನ ಓಣ್ಯಾಗಿನ ಡಬಲ್ ಡಿಸ್ಕ್ ಹುಡುಗನ್ನ ಚಡಾವಿನಾಗ ಹಿಂದ ಹಾಕಿ ಬಂದಾಳ, ಈಗ ಆ ಹುಡುಗನೇ ಇವಳ ಸೈಕಲ್ ಎತ್ತಿ ನೋಡಿ ಹೋಗ್ಯಾನಂತ.

ಒಂದೇ ಸಮಸ್ಯಾ, ನಿನ್ನಿಂದ ಮುಂದಿನ ಬ್ರೇಕ್ ಹಿಡದ್ರ ಚೀಂ ಅಂತ ಇಡೀ ನೌಬಾದ್‌ಗಿ ಕೇಳಂಗ ಒದರ್ತದ. ಏನ್ ಮಾಡ್ಲಿ?

ಶಹಾಬಾದ್_ಪರಸಿ:

ಎಣ್ಣಿ ಹಾಕಬ್ಯಾಡ್ರಿ ಅಕ್ಕಾ!!!

ಅಪ್ಪನಕೆರಿ_ಸವಾರ (ಕಲಬುರಗಿ):

ಹಹ್ಹಾ. ರಿಮ್‌ನ ನೀರಾಗ ಅದ್ದಿದ ಬಟ್ಟಿಲೆ ಒರಸ್ರಿ ಮೊದ್ಲ. ಹೋಗಿಲ್ಲಂದ್ರ ಪ್ಯಾಡಿನ ಬೋಲ್ಟ್ ಸಡಲ ಮಾಡಿ, ಪ್ಯಾಡಿನ ಹಿಂದಿನ ತುದಿಗೂ ರಿಮ್‌ಗೂ ನಡುವ ಒಂದ್ ಲಗ್ನಪತ್ರಿಕಿ ತುಂಡ ಇಟ್ಟು, ಲಿವರ್ ಹಿಡ್ಕೊಂಡೇ ಬೋಲ್ಟ್ ಬಿಗಿ ಮಾಡಿ, ಕಾಗದ ತಗೀರಿ. ಪ್ಯಾಡಿನ ಮುಂದಿನ ತುದಿ ಮೊದ್ಲ ರಿಮ್‌ಗಿ ಹತ್ತಬೇಕು, ಅಷ್ಟೇ.