ಗ್ಲೌಸ್ ವ್ಯಾಪಾರ ಶುರು ಮಾಡಬೇಕು ಅಂತಿದ್ದೇನೆ, ಎಲ್ಲರಿಗೂ ಒಂದೇ ಮಾಲು ಕೊಡಬಹುದಾ?

ಪ್ರಶ್ನೆ (ದಾವಣಗೆರೆಯಿಂದ):

ಅಕ್ಕಾ, ನಮಸ್ಕಾರ. ಆರು ವರ್ಷ ಮೆಡಿಕಲ್ ಸ್ಟೋರ್‌ನಲ್ಲಿ ಕೆಲಸ ಮಾಡಿದ್ದೇನೆ. ಈಗ ಒಂದು ಸಲ ಬಳಸಿ ಬಿಸಾಡುವ ಗ್ಲೌಸ್‌ನ ಡಿಸ್ಟ್ರಿಬ್ಯೂಟರ್ ಆಗಬೇಕು ಅಂತ ಆಸೆ. ಕ್ಲಿನಿಕ್, ಹೋಟೆಲ್, ಗ್ಯಾರೇಜ್, ಹರಿಹರದ ವರ್ಕ್‌ಶಾಪ್‌ಗಳು, ಎಲ್ಲ ಕಡೆ ಗುರುತಿನವರಿದ್ದಾರೆ. ಒಬ್ಬ ಸಪ್ಲೈಯರ್ ಕಡಿಮೆ ರೇಟಿಗೆ ವಿನೈಲ್ ಅನ್ನುವ ಪ್ಲಾಸ್ಟಿಕ್ ಗ್ಲೌಸ್ ಕೊಡುತ್ತೇನೆ, ಆದರೆ ಒಟ್ಟಿಗೆ 50 ಕಾರ್ಟನ್ ಎತ್ತಬೇಕು ಅನ್ನುತ್ತಿದ್ದಾರೆ. ಎತ್ತಲಾ? ಲೈಸೆನ್ಸ್ ಏನಾದರೂ ಬೇಕಾ?

ಉತ್ತರ (ಪೀಣ್ಯದಿಂದ):

ಬೇಡ ತಮ್ಮಾ, ಈಗಲೇ ಎತ್ತಬೇಡಿ. ಬಾಕ್ಸಿಗೆ 100, ಕಾರ್ಟನ್ನಿಗೆ 10 ಬಾಕ್ಸ್ ಅಂದರೂ 50,000 ಗ್ಲೌಸ್ ಆಯಿತು. ಅಷ್ಟು ಮಾಲು ಗೋಡೌನ್‌ನಲ್ಲಿ ಕೂತರೆ ಏನು ಮಾಡುತ್ತೀರಿ ಗೊತ್ತಾ? ಯಾರು ಬಂದರೂ ಅದನ್ನೇ ಕೊಟ್ಟು ಕಳಿಸುತ್ತೀರಿ. ನಾನೂ ಮೊದಲ ಎರಡು ವರ್ಷ ಹಾಗೇ ಮಾಡಿದೆ. ಈಗ ಯಾರೇ ಫೋನ್ ಮಾಡಿದರೂ ರೇಟು ಆಮೇಲೆ. ಮೊದಲು ಕೇಳುವುದು ಒಂದೇ: ಆ ಕೈ ಏನನ್ನು ಮುಟ್ಟುತ್ತದೆ?

ನಿಮ್ಮೂರಿನ ಬೆಣ್ಣೆದೋಸೆ ಹೋಟೆಲನ್ನೇ ತಗೊಳ್ಳಿ. ವಿನೈಲ್ ಮೆತ್ತಗಿರಲಿ ಅಂತ ಅದಕ್ಕೆ ಪ್ಲಾಸ್ಟಿಸೈಜರ್ ಬೆರೆಸಿರುತ್ತಾರೆ. ಥ್ಯಾಲೇಟ್ ಅನ್ನುವ ಜಾತಿಯದು ಬೆರೆಸಿದ್ದರೆ, ಬೆಣ್ಣೆ, ಎಣ್ಣೆ ತಗುಲಿದಾಗ ಅದು ತಿಂಡಿಗೆ ಇಳಿಯುತ್ತದೆ. ಹಾಗಾಗಿ ಆಹಾರಕ್ಕೆ ಬಳಸಬಹುದು ಅಂತ ಬರೆದಿರುವ ನೈಟ್ರೈಲ್ (ಕೃತಕ ರಬ್ಬರ್) ಗ್ಲೌಸ್ ಕೊಡಿ. ಕಾವಲಿ ಮುಂದೆ ನಿಲ್ಲುವವರಿಗೆ ಮಾತ್ರ ಯಾವ ತೆಳು ಗ್ಲೌಸೂ ಬೇಡ. ಬಿಸಿ ತಗುಲಿದರೆ ಚರ್ಮಕ್ಕೆ ಅಂಟಿಕೊಳ್ಳಬಹುದು. ದುಡ್ಡು ಎಣಿಸಿದ ಗ್ಲೌಸಿನಲ್ಲೇ ಚಟ್ನಿ ಬಡಿಸಿದರೆ ಅದು ಬರಿಗೈಗಿಂತ ಶುಚಿಯಲ್ಲ ಅಂತಲೂ ಹೇಳಿಬನ್ನಿ.

ಗ್ಯಾರೇಜಿಗೆ ನೈಟ್ರೈಲ್ ಸರಿ. ಆಯಿಲ್, ಗ್ರೀಸ್‌ಗೆ ಲೇಟೆಕ್ಸ್, ಅಂದರೆ ಮರದ ಹಾಲಿನ ರಬ್ಬರ್, ಉಬ್ಬಿ ಹಾಳಾಗುತ್ತದೆ, ನೈಟ್ರೈಲ್ ತಡೆಯುತ್ತದೆ. ಆದರೆ ಅದೇ ಗ್ಯಾರೇಜಿನ ಪೇಂಟಿಂಗ್ ಮೂಲೆಗೆ ಹೋದರೆ ಕಥೆ ಬೇರೆ. ಥಿನ್ನರ್‌ನಲ್ಲಿ ಅಸಿಟೋನ್ ತರಹದ್ದು ಇದ್ದರೆ ತೆಳು ನೈಟ್ರೈಲನ್ನು ಸ್ವಲ್ಪ ಹೊತ್ತಿನಲ್ಲೇ ದಾಟಿಬಿಡುತ್ತದೆ. ಹನಿ ಸಿಡಿದರೆ ತಕ್ಷಣ ಬಿಚ್ಚಿ ಬೇರೆ ಹಾಕಬೇಕು. ಅಸಿಟೋನ್‌ನಲ್ಲಿ ಕೈ ಅದ್ದುವ ಕೆಲಸಕ್ಕಾದರೆ ದಪ್ಪ ಬ್ಯುಟೈಲ್ ರಬ್ಬರ್‌ನದೇ ಬೇಕು.

ಗ್ಲೌಸ್ ಹರಿದಿಲ್ಲ ಅಂದ ಮಾತ್ರಕ್ಕೆ ಕೈ ಉಳಿಯಿತು ಅಂತಲ್ಲ. 1996ರಲ್ಲಿ ಅಮೆರಿಕದ ಡಾರ್ಟ್‌ಮೌತ್ ಕಾಲೇಜಿನ ರಸಾಯನ ವಿಜ್ಞಾನಿ ಕ್ಯಾರೆನ್ ವೆಟರ್‌ಹಾನ್ ಅವರ ಲೇಟೆಕ್ಸ್ ಗ್ಲೌಸ್ ಮೇಲೆ ಡೈಮೀಥೈಲ್ ಮರ್ಕ್ಯುರಿ ಅನ್ನುವ ಪಾದರಸದ ಕೆಮಿಕಲ್‌ನ ಕೆಲವೇ ಹನಿ ಬಿದ್ದವು. 1997ರ ಜೂನ್‌ನಲ್ಲಿ ಪಾದರಸದ ವಿಷದಿಂದ ಅವರು ತೀರಿಕೊಂಡರು. ಪರೀಕ್ಷೆ ಮಾಡಿದಾಗ ತಿಳಿದದ್ದು, ಅದು ಅಂಥ ಗ್ಲೌಸನ್ನು 15 ಸೆಕೆಂಡಿನೊಳಗೆ ದಾಟುತ್ತದೆ ಅಂತ. ನಮ್ಮ ಗಿರಾಕಿಗಳು ಅಂಥ ವಿಷ ಮುಟ್ಟುವುದಿಲ್ಲ, ನಿಜ. ಆದರೂ ಕೆಮಿಕಲ್ ಹೆಸರು ಕೇಳದೆ ಗ್ಲೌಸ್ ಕೊಡಬಾರದು ಅಂತ ನಾನು ಕಲಿತದ್ದು ಇದನ್ನು ಓದಿದ ಮೇಲೆ.

ಕ್ಲಿನಿಕ್‌ಗೆ ಪೌಡರ್ ಇರುವ ಲೇಟೆಕ್ಸ್ ಬೇಡ. ಲೇಟೆಕ್ಸ್‌ನ ಪ್ರೋಟೀನ್ ಕೆಲವರಿಗೆ ಅಲರ್ಜಿ, ಪೌಡರ್ ಅದನ್ನು ಗಾಳಿಗೂ ಹರಡುತ್ತದೆ. ಅಮೆರಿಕದಲ್ಲಿ 2017ರಿಂದ ವೈದ್ಯಕೀಯ ಬಳಕೆಗೆ ಪೌಡರ್ ಗ್ಲೌಸನ್ನೇ ನಿಷೇಧಿಸಿದ್ದಾರೆ. ಬಾಕ್ಸ್ ಮೇಲೆ ಎಕ್ಯೂಎಲ್ ಸಂಖ್ಯೆ ನೋಡಿ. ತೂತಿನ ಗ್ಲೌಸ್ ಎಷ್ಟಿದ್ದರೆ ಲಾಟ್ ಪಾಸು ಅನ್ನುವುದಕ್ಕೆ ಅದು ಅಳತೆ, ಕಡಿಮೆ ಇದ್ದಷ್ಟೂ ಒಳ್ಳೆಯದು. ಆಸ್ಪತ್ರೆಗೆ ನಾನು 1.5ಕ್ಕಿಂತ ಜಾಸ್ತಿ ಇರುವುದನ್ನು ಕೊಡುವುದಿಲ್ಲ. ಹೊಸ ಲಾಟ್ ಬಂದಾಗ ಇಪ್ಪತ್ತು ತೆಗೆದು ಒಂದೊಂದು ಲೀಟರ್ ನೀರು ತುಂಬಿ ಎರಡು ನಿಮಿಷ ತೂಗುಹಾಕುತ್ತೇನೆ. ಲ್ಯಾಬಿನಲ್ಲೂ ಹೆಚ್ಚುಕಡಿಮೆ ಹೀಗೇ ನೋಡುತ್ತಾರೆ.

ವೈದ್ಯಕೀಯ ಬಳಕೆಗೆ ಮಾರುವುದಾದರೆ ರಿಜಿಸ್ಟ್ರೇಷನ್ ಬೇಕು. ಎಂಡಿ-41 ಅನ್ನುವ ಫಾರ್ಮಿನಲ್ಲಿ ಅರ್ಜಿ, ಎಂಡಿ-42 ಫಾರ್ಮಿನಲ್ಲಿ ಸರ್ಟಿಫಿಕೇಟ್, ರಾಜ್ಯದ ಔಷಧ ನಿಯಂತ್ರಣದವರು ಕೊಡುತ್ತಾರೆ.

ಪ್ರತಿಕ್ರಿಯೆ (ಹರಿಹರದಿಂದ):

ಮೇಡಂ, ನಮ್ಮದು ಸಣ್ಣ ವರ್ಕ್‌ಶಾಪ್. ಎರಡು ಲೇಥ್, ಒಂದು ಡ್ರಿಲ್ಲಿಂಗ್ ಮಷೀನ್. ಸೇಫ್ಟಿಗೆ ಅಂತ ಎಲ್ಲರಿಗೂ ದಿನವಿಡೀ ಗ್ಲೌಸ್ ಕಡ್ಡಾಯ ಮಾಡಿದ್ದೇನೆ. ಒಳ್ಳೆಯದೇ ಅಲ್ವಾ?

ಉತ್ತರ (ಪೀಣ್ಯದಿಂದ):

ಸಾರ್, ದಯವಿಟ್ಟು ಇವತ್ತೇ ಬಿಚ್ಚಿಸಿ. ತಿರುಗುವ ಮಷೀನ್ ಮುಂದೆ ಗ್ಲೌಸ್ ಇರಲೇಬಾರದು. ಬಟ್ಟೆಯ ಒಂದು ಎಳೆ ಡ್ರಿಲ್‌ಗೆ ಸುತ್ತಿದರೆ ಸಾಕು, ಕೈ ಹಿಂದಕ್ಕೆ ಎಳೆಯುವಷ್ಟರಲ್ಲಿ ಬೆರಳು ಹೋಗಿರುತ್ತದೆ. ನಾನು ನೂಲಿನ ಗ್ಲೌಸ್ ಕೊಡುತ್ತಿದ್ದ ಒಂದು ಯೂನಿಟ್‌ನಲ್ಲಿ ಹೀಗೇ ಆಯಿತು. ಹುಡುಗನಿಗೆ ಇಪ್ಪತ್ತೆರಡು ವಯಸ್ಸು, ತೋರುಬೆರಳು ಹೋಯಿತು. ನಾನೇ ಮಾರಿದ ಗ್ಲೌಸ್. ನೋಡಲು ಆಸ್ಪತ್ರೆಗೆ ಹೋದಾಗ ಅವನ ಅಮ್ಮನಿಗೆ ಏನು ಹೇಳಬೇಕು ಅಂತ ತೋಚಲಿಲ್ಲ. ಅವತ್ತಿನಿಂದ ಶಾಪ್ ಫ್ಲೋರ್ ನೋಡದೆ ಆರ್ಡರ್ ತಗೊಂಡಿಲ್ಲ.

ತೆಳು ಗ್ಲೌಸ್ ಆದರೆ ಹರಿದುಹೋಗುತ್ತದೆ, ಪರವಾಗಿಲ್ಲ ಅನ್ನುವವರಿದ್ದಾರೆ. ಬೆರಳು ಒತ್ತೆ ಇಟ್ಟು ಅದನ್ನು ಪರೀಕ್ಷೆ ಮಾಡಬೇಡಿ. ಚಿಪ್ಸ್ (ಲೋಹದ ಚೂರು) ತೆಗೆಯಲು ಬ್ರಷ್, ಕೊಕ್ಕೆ ಕೊಡಿ. ಮಷೀನ್ ಪೂರ್ತಿ ನಿಂತ ಮೇಲೆ ಕೂಲಂಟ್ (ತಂಪು ಮಾಡುವ ದ್ರವ) ಒರೆಸುವುದಕ್ಕೆ ನೈಟ್ರೈಲ್, ಚೂಪು ಅಂಚಿನ ಲೋಹದ ತುಂಡು ಎತ್ತಲು ಕಟ್ ತಡೆಯುವ ಗ್ಲೌಸ್. ನಿಮಗೆ ಬೇಕಾದದ್ದು ಇಷ್ಟೇ, ಈಗಿನದಕ್ಕಿಂತ ಕಡಿಮೆ ಖರ್ಚು.

ಪ್ರಶ್ನೆ (ದಾವಣಗೆರೆಯಿಂದ):

ಅಕ್ಕಾ, ಹೀಗೆ ಬೇಡ ಬೇಡ ಅಂತ ಹೇಳುತ್ತಾ ಹೋದರೆ ವ್ಯಾಪಾರ ಹೇಗೆ? ಕೆಲಸದವರಿಗೆ ತಿಳಿಸಿಕೊಡುವುದು ಹೇಗೆ?

ಉತ್ತರ (ಪೀಣ್ಯದಿಂದ):

ನಾನು ಒಂದು ಬಾಕ್ಸ್ ಬೇಡ ಅಂತ ಹೇಳಿದ ಗಿರಾಕಿಗಳೇ ಆಮೇಲೆ ಹತ್ತು ಬಾಕ್ಸ್ ತಗೊಂಡಿದ್ದಾರೆ ತಮ್ಮಾ. ನನ್ನ ಹಳೇ ಗಿರಾಕಿಗಳಲ್ಲಿ ಅರ್ಧದಷ್ಟು ಜನ ಹಾಗೆ ಉಳಿದವರು.

ತಿಳಿಸಲು ಭಾಷಣ ಬೇಡ. ಅರಿಶಿನ ಕಲಸಿಕೊಂಡು ಹೋಗಿ. ಗ್ಲೌಸ್ ಹಾಕಿಸಿ, ಮೇಲೆ ಅರಿಶಿನ ಬಳಿದು, ಬಿಚ್ಚಿ ಅನ್ನಿ. ಬೆರಳ ತುದಿ ಹಿಡಿದು ಎಳೆಯುವವರ ಮಣಿಕಟ್ಟೆಲ್ಲ ಹಳದಿ. ಆಗ ತೋರಿಸಿ: ಮಣಿಕಟ್ಟಿನ ಹತ್ತಿರ ಹೊರಗಡೆ ಚಿವುಟಿ ಹಿಡಿದು ಒಳಗು ಹೊರಗಾಗುವ ಹಾಗೆ ಎಳೆಯಬೇಕು. ಅದನ್ನು ಇನ್ನೊಂದು ಮುಷ್ಟಿಯಲ್ಲಿ ಹಿಡಿದು, ಬರಿ ಬೆರಳನ್ನು ಎರಡನೆಯದರ ಒಳಗೆ ತೂರಿಸಿ ಮಗುಚಬೇಕು. ಆಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಹತ್ತು ನಿಮಿಷದ ಕೆಲಸ, ಯಾರೂ ಮರೆಯುವುದಿಲ್ಲ.

ಸೈಜ್ ಮಾತ್ರ ಎಲ್ಲಾ ಇಟ್ಟುಕೊಳ್ಳಿ. ಎಲ್ಲ ಕಡೆ ದೊಡ್ಡದನ್ನೇ ತರಿಸುತ್ತಾರೆ, ಹೆಣ್ಣುಮಕ್ಕಳ ಕೈಯಿಂದ ಅದು ಜಾರುತ್ತದೆ. ಹಾಕಿಕೊಳ್ಳುವುದಿಲ್ಲ ಅಂತ ಅವರನ್ನು ಬೈಯುತ್ತಾರೆ. ಮೊದಲ ಆರ್ಡರ್‌ಗೆ ನೈಟ್ರೈಲ್ ಸ್ಮಾಲ್ ಒಂದು ಕಾರ್ಟನ್, ಮೀಡಿಯಂ ಎರಡು, ಲಾರ್ಜ್ ಒಂದು ತರಿಸಿ. ತಗಡಿನ ಶೆಡ್‌ನಲ್ಲಿ, ಬಿಸಿಲು ಬೀಳುವ ಕಡೆ ಇಡಬೇಡಿ, ಬೇಗ ಹಾಳಾಗುತ್ತವೆ. ಆ ನಾಲ್ಕು ಖಾಲಿಯಾದ ಮೇಲೆ ಫೋನ್ ಮಾಡಿ, ಮುಂದಿನದು ಮಾತಾಡೋಣ.