ಅಮ್ಮನ ಜೊತೆ ಮ್ಯೂಸಿಯಂ: ದೆಹಲಿಯೋ, ಮುಂಬೈಯೋ?

ಶಿರಸಿ: ಅಮ್ಮನಿಗೆ ಮೊಣಕಾಲು ನೋವು, ಮಗಳು ಹೈಸ್ಕೂಲು. ಕೈಯಲ್ಲಿರುವುದು ಒಂದೇ ದಿನ. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಹೋಗೋದೋ, ಮುಂಬೈಯ ಛತ್ರಪತಿ ಶಿವಾಜಿ ವಸ್ತುಸಂಗ್ರಹಾಲಯಕ್ಕೋ? ನೋಡಿ ಬಂದವರು ಹೇಳಿ.

ಕುಮಟಾ: ಮುಂಬೈ, ಎರಡನೇ ಮಾತಿಲ್ಲ. ಆದರೆ ಲೋಕಮಾನ್ಯ ತಿಲಕ ಟರ್ಮಿನಸ್‌ನಲ್ಲಿ ಇಳಿಯಬೇಡಿ. ತಿಲಕನಗರ ಸ್ಟೇಷನ್ನಿಗೆ ಲಗೇಜು ಎಳೆದು ಹಾರ್ಬರ್ ಲೋಕಲ್ ಹತ್ತುವಷ್ಟರಲ್ಲೇ ಮೊಣಕಾಲು ಸೋಲುತ್ತದೆ. ಸಿಎಸ್‌ಎಂಟಿಗೆ (ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್) ಹೋಗುವ ಮಂಗಳೂರು ಗಾಡಿ ಕಾರವಾರದಲ್ಲಿ ಸಿಗುತ್ತದೆ. ಕೆಲವೊಮ್ಮೆ ಮುಂಬೈಗೆ ಮೊದಲು ಸಿಗುವ ಥಾಣೆಯಲ್ಲೇ ನಿಲ್ಲಿಸುತ್ತಾರೆ, ಟಿಕೆಟ್ ಮಾಡುವಾಗಲೇ ನೋಡಿಕೊಳ್ಳಿ. ಸ್ಟೇಷನ್ನಿನ ಕ್ಲೋಕ್‌ರೂಮಿನಲ್ಲಿ ಬೀಗವಿಲ್ಲದ ಚೀಲ ಇಟ್ಟುಕೊಳ್ಳುವುದಿಲ್ಲ, ಜಿಪ್ಪಿಗೆ ಹಾಕುವ ಸಣ್ಣ ಬೀಗ ಮನೆಯಿಂದಲೇ ಒಯ್ಯಿರಿ. ಮ್ಯೂಸಿಯಂ ಒಳಗೆ ಮೊದಲು ನೆಲಮಹಡಿಯ ಶಿಲ್ಪಗಳು. ಐಹೊಳೆ ಹುಚ್ಚಪ್ಪಯ್ಯ ಗುಡಿಯ ಛಾವಣಿಯ ಬ್ರಹ್ಮ ಅಲ್ಲಿದ್ದಾನೆ, 7ನೇ ಶತಮಾನದ್ದು. ಕತ್ತೆತ್ತಿ ನೋಡಬೇಕಾದ್ದು ಕಣ್ಣೆದುರೇ ಸಿಗುತ್ತದೆ. ಅಮ್ಮನಿಗೆ ಅಷ್ಟೇ ಸಾಕು, ಮೇಲಿನ ಮಹಡಿಗಳಿಗೆ ಮಗಳನ್ನು ಕರೆದುಕೊಂಡು ಹೋಗಿ.

ಕಾರವಾರ: ಆ ಗಾಡಿ ಬೆಳಗಿನ ಜಾವ ಮುಟ್ಟುತ್ತದೆ, ಮ್ಯೂಸಿಯಂ ಬಾಗಿಲು ತೆರೆಯುವುದು 10.15ಕ್ಕೆ. ಅಲ್ಲಿಯವರೆಗೆ ಅಮ್ಮನನ್ನು ಎಲ್ಲಿ ಕೂರಿಸುತ್ತೀರಿ, ಅದನ್ನೂ ಹೇಳಿ ಕುಮಟಾದವರೇ! ಎರಡು ರಾತ್ರಿ ರೈಲಾದರೂ ದೆಹಲಿಯೇ ಸರಿ. ಮ್ಯೂಸಿಯಂ ಟಿಕೆಟ್ ₹20, ಮುಂಬೈಯಲ್ಲಿ ಅದರ ಹಲವು ಪಟ್ಟು. ಬೆಳಿಗ್ಗೆ 10ರಿಂದ ಸಂಜೆ 6, ಸೋಮವಾರ ರಜೆ. ಭಾನುವಾರ ದೆಹಲಿ ಮುಟ್ಟಿ ಮರುದಿನ ಹೋಗುವವರು ಇಲ್ಲೇ ಸಿಕ್ಕಿಬೀಳುತ್ತಾರೆ. ಮೊಹೆಂಜೊದಾರೊದ ನರ್ತಕಿ ಬರೇ 10.5 ಸೆಂ.ಮೀ., ಮೇಣದ ಮಾದರಿ ಮಾಡಿ ಎರಕ ಹೊಯ್ದ ಕಂಚು. ದೊಡ್ಡ ಮೂರ್ತಿ ಹುಡುಕುತ್ತಾ ಹೋದರೆ ಕಣ್ಣಿಗೇ ಬೀಳದು. ಐಹೊಳೆ ಅಲ್ಲೂ ಇದೆ: ದುರ್ಗ ಗುಡಿಯ ಹಾರುವ ಗಂಧರ್ವ ಜೋಡಿ. ಸಂಗ್ರಹವನ್ನು ದೆಹಲಿಯ ಸರ್ಕಾರಿ ಕಚೇರಿ ಕಟ್ಟಡಗಳಾದ ನಾರ್ತ್, ಸೌತ್ ಬ್ಲಾಕ್‌ಗೆ ಒಯ್ಯುವ ಯೋಜನೆ ಇದೆ. ಯಾವ ಗ್ಯಾಲರಿ ತೆರೆದಿದೆ ಎಂದು ಕೇಳಿಯೇ ಹೊರಡಿ.

ಕುಮಟಾ: ಮೊಣಕಾಲು ನೋವಿನವರನ್ನು ಎರಡು ರಾತ್ರಿ ರೈಲಿನಲ್ಲಿ ಕೂರಿಸುವವರು ನನಗೆ ಬುದ್ಧಿ ಹೇಳುವುದು ಬೇಡ. ವೇಟಿಂಗ್ ರೂಮಿನಲ್ಲಿ ಮಲಗಿ ಏಳಬಹುದು ಮಾರಾಯ್ರೆ. ಮತ್ತೆ, ಮಳೆಗಾಲದಲ್ಲಿ ಕೊಂಕಣ ರೈಲಿನ ವೇಳಾಪಟ್ಟಿಯೇ ಬೇರೆ, ಗಾಡಿ ನಿಧಾನ. ಅದು ದೆಹಲಿ ಗಾಡಿಗೂ ಅಷ್ಟೇ.

ಬನವಾಸಿ: ಇಬ್ಬರೂ ಐಹೊಳೆ ಐಹೊಳೆ ಅನ್ನುತ್ತೀರಲ್ಲ, ಐಹೊಳೆಗೇ ಯಾಕೆ ಹೋಗಬಾರದು? ಹುಚ್ಚಪ್ಪಯ್ಯ ಮಠದಲ್ಲಿ ಬ್ರಹ್ಮ, ವಿಷ್ಣು, ಶಿವ ಮೂವರೂ ಇವತ್ತಿಗೂ ಛಾವಣಿಯಲ್ಲೇ ಇದ್ದಾರೆ. ಶಿಲ್ಪಿ ಕಡೆದದ್ದು ಕೆಳಗಿನಿಂದ ನೋಡಲಿಕ್ಕೆ. ಗೋಡೆಗೆ ನಿಲ್ಲಿಸಿದರೆ ಆ ನೆರಳು ಬೀಳುವುದಿಲ್ಲ.

ಕುಮಟಾ: ಬಿಸಿಲಲ್ಲಿ ಗುಡಿಯಿಂದ ಗುಡಿಗೆ ಅಮ್ಮನನ್ನು ನಡೆಸುತ್ತೀರಾ? ಗುಡಿ ಬೇರೆ, ಮಠ ಬೇರೆ. ನಾನು ಹೇಳಿದ್ದು ಗುಡಿಯ ಕಲ್ಲು.

ಬನವಾಸಿ: ಗುಡಿಯ ಕಲ್ಲು ಗುಡಿಯಲ್ಲೇ ಇರಬೇಕಿತ್ತು ಎಂಬುದೇ ನನ್ನ ಮಾತು.

ಕಾರವಾರ: ಅದಕ್ಕೆ ಬೇರೆ ಚರ್ಚೆ ಶುರು ಮಾಡಿ. ಶಿರಸಿಯವರೇ, ಅಲ್ಲಿಂದ ಹೊರಡುವಾಗ ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟದ ರಸ್ತೆ ತೆರೆದಿದೆಯೋ ನೋಡಿಕೊಳ್ಳಿ, ಗಾಡಿ ತಪ್ಪುವುದೇ ಅಲ್ಲಿ.